ಮನೆ ಬಾಗಿಲಿಗೆ ಬ್ಯಾಂಕ್ ನೋಟಿಸ್ ಅಂಟಿಸಿದೆ, ಬಳ್ಳಾರಿ ಕೋರ್ಟಿನಲ್ಲಿ ಸ್ಟೇ ಸಿಗುತ್ತಾ?

ಬಳ್ಳಾರಿಯ ಸಿವಿಲ್ ಕೋರ್ಟಿಗೆ ಹೋಗಬೇಡಿ. ಮೊದಲು ಇದನ್ನೇ ಹೇಳಿಬಿಡುತ್ತೇನೆ. ನಾನು ಅಲ್ಲಿಗೆ ಹೋಗಿ ಹತ್ತೊಂಬತ್ತು ದಿನ ಕಳೆದುಕೊಂಡೆ.

ನೀವು ಬರೆದಿದ್ದು ಇಷ್ಟು: ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಗೆ ಸಾಲ ತೆಗೆದಿದ್ದೀರಿ. ಮನೆ ಮತ್ತು ಎರಡು ಎಕರೆ ಗದ್ದೆ ಅಡ ಇದೆ. ಹತ್ತು ದಿನದ ಹಿಂದೆ ಸ್ವಾಧೀನದ ನೋಟಿಸ್ ಅಂಟಿಸಿ ಹೋಗಿದ್ದಾರೆ. ನನಗೆ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್ ಇತ್ತು. ಸಾಲ ಹದಿನೆಂಟು ಲಕ್ಷ. ಅಡ ಇಟ್ಟಿದ್ದು ಅಪ್ಪ ಕಟ್ಟಿಸಿದ ಮನೆ. ನಾನು ವಕೀಲನಲ್ಲ, ಅನುಭವಿಸಿದ್ದನ್ನು ಹೇಳುತ್ತಿದ್ದೇನೆ.

ಬ್ಯಾಂಕಿನವರು ಹೀಗೆ ನೇರವಾಗಿ ಬಾಗಿಲಿಗೆ ಬರುವುದು 2002ರ ಸರ್ಫೇಸಿ ಕಾಯ್ದೆಯ ಬಲದಿಂದ. ಸಾಲ ಬಾಕಿ ಇದ್ದರೆ ಕೋರ್ಟಿಗೆ ಹೋಗದೆಯೇ ಅಡ ಇಟ್ಟ ಆಸ್ತಿಯನ್ನು ವಶಕ್ಕೆ ತೆಗೆದುಕೊಳ್ಳಲು ಬ್ಯಾಂಕಿಗೆ ಬಿಡುವ ಕಾಯ್ದೆ ಅದು. ಅದರ 34ನೇ ಕಲಂ ಪ್ರಕಾರ ಈ ವಿಷಯದಲ್ಲಿ ಸಿವಿಲ್ ಕೋರ್ಟ್ ತಡೆಯಾಜ್ಞೆ ಕೊಡುವ ಹಾಗಿಲ್ಲ. ನೀವು ಹೋಗಬೇಕಾದದ್ದು ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ. ಎಲ್ಲರೂ ಡಿಆರ್‌ಟಿ ಅನ್ನುತ್ತಾರೆ. ಅಲ್ಲಿ ಬ್ಯಾಂಕಿನ ಕ್ರಮವನ್ನು ಪ್ರಶ್ನಿಸುವ 17ನೇ ಕಲಂ ಅರ್ಜಿ ಹಾಕಿ, ಅದರ ಜೊತೆಗೇ ಸ್ಟೇ ಕೇಳುವ ಮಧ್ಯಂತರ ಅರ್ಜಿ ಕೊಡಬೇಕು. ಗಡುವು 45 ದಿನ. ಹತ್ತು ಆಗಲೇ ಹೋಗಿವೆ, ಅಲ್ವಾ? ಧಾರವಾಡದ ಹೈಕೋರ್ಟ್ ಪೀಠದಲ್ಲಿ ರಿಟ್ ಹಾಕೋಣ ಅಂತ ಯಾರಾದರೂ ಹೇಳಬಹುದು. ಡಿಆರ್‌ಟಿ ಇರುವಾಗ ಹೈಕೋರ್ಟುಗಳು ಸುಲಭಕ್ಕೆ ಕೈ ಹಾಕಬಾರದು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಬಹಳ ಸಲ ಅಲ್ಲಿಂದಲೂ ಡಿಆರ್‌ಟಿಗೇ ಕಳಿಸುತ್ತಾರೆ.

ಈಗ ಮುಖ್ಯ ಮಾತು. 'ವ್ಯಾಪಾರ ಬಿದ್ದುಹೋಯಿತು, ಮಕ್ಕಳು ಓದುತ್ತಿದ್ದಾರೆ' ಅನ್ನುವುದಷ್ಟಕ್ಕೇ ಸ್ಟೇ ಸಿಗುವುದಿಲ್ಲ. ನನ್ನ ಮೊದಲ ಅರ್ಜಿ ತುಂಬ ಇದೇ ಇತ್ತು. ಬೆಂಗಳೂರಿನ ವಕೀಲರು ಅದನ್ನು ಪಕ್ಕಕ್ಕಿಟ್ಟು ತಾರೀಖುಗಳನ್ನು ಕೇಳಿದರು. 60 ದಿನದೊಳಗೆ ಬಾಕಿ ಕಟ್ಟಿ ಅನ್ನುವ ಮೊದಲ ನೋಟಿಸ್ ಯಾವತ್ತು ಕೈಗೆ ಬಂತು? ಆಕ್ಷೇಪಣೆ ಬರೆದು ಕೊಟ್ಟಿದ್ದೀರಾ? ಕೊಟ್ಟಿದ್ದರೆ 15 ದಿನದೊಳಗೆ ಬ್ಯಾಂಕ್ ಉತ್ತರ ಕೊಡಬೇಕು. ಕೊಟ್ಟಿತಾ? ಸ್ವಾಧೀನದ ನೋಟಿಸ್ ಎರಡು ಪತ್ರಿಕೆಯಲ್ಲಿ, ಅದರಲ್ಲಿ ಒಂದು ಕನ್ನಡದ್ದು, ಏಳು ದಿನದೊಳಗೆ ಬಂದಿದೆಯಾ? ನಾನು ರಿಜಿಸ್ಟರ್ಡ್ ಅಂಚೆಯಲ್ಲಿ ಆಕ್ಷೇಪಣೆ ಕಳಿಸಿದ್ದೆ, ಬ್ಯಾಂಕಿನಿಂದ ಉತ್ತರವೇ ಬಂದಿರಲಿಲ್ಲ. ನೋಟಿಸ್ ಬಂದ ಮೇಲೆ ಕಟ್ಟಿದ ಎರಡು ಕಂತು ಲೆಕ್ಕದಲ್ಲಿ ಕಾಣಲಿಲ್ಲ. ಅಂಚೆ ರಸೀದಿ, ಪಾಸ್‌ಬುಕ್ಕಿನ ಒಂದು ಪುಟ, ನನ್ನ ಅರ್ಜಿ ನಿಂತಿದ್ದು ಇವೆರಡರ ಮೇಲೆ. ಅದಕ್ಕೇ ಹೇಳುತ್ತೇನೆ, ನೋಟಿಸ್ ಬಂದ ಕವರನ್ನೂ ಎಸೆಯಬೇಡಿ. ಅದರ ಮೇಲಿನ ಅಂಚೆ ಮುದ್ರೆಯೂ ಸಾಕ್ಷಿ.

ನಿಮ್ಮ ಗದ್ದೆಯ ವಿಷಯ ಬೇರೆ. ಕೃಷಿ ಭೂಮಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ, 31ನೇ ಕಲಂ ನೋಡಿ. ಆದರೆ ಪಹಣಿಯಲ್ಲಿ ಬರೆದಿದ್ದರೆ ಸಾಲದು, ನಿಜವಾಗಿ ಬೇಸಾಯ ನಡೆಯುತ್ತಿರಬೇಕು. ಕಾಲುವೆ ನೀರು ಬಿಟ್ಟು ನಾಟಿ ಆಗಿದ್ದರೆ ಇವತ್ತೇ ಫೋಟೊ ತೆಗೆಯಿರಿ. ಭತ್ತ ಮಾರಿದ ಚೀಟಿ, ಗೊಬ್ಬರದ ಬಿಲ್ಲು ಎಲ್ಲ ಒಟ್ಟು ಮಾಡಿ. ಗಿರಣಿಯ ಸಾಮಾನು ಅಲ್ಲಿ ಇಟ್ಟಿದ್ದರೆ ವಕೀಲರಿಗೆ ಮುಚ್ಚಿಡದೆ ಹೇಳಿ.

ಇನ್ನು ದುಡ್ಡು. ನನಗೆ ಸ್ಟೇ ಸಿಕ್ಕಿತು, ಆದರೆ ಷರತ್ತಿನ ಮೇಲೆ. ನಾಲ್ಕೂವರೆ ಲಕ್ಷ ಎರಡು ಕಂತಿನಲ್ಲಿ ಕಟ್ಟಬೇಕು, ಮೊದಲನೆಯದು ನಾಲ್ಕು ವಾರದಲ್ಲಿ, ತಪ್ಪಿದರೆ ಸ್ಟೇ ತಾನಾಗಿಯೇ ಹೋಗುತ್ತದೆ ಅಂತ ಆದೇಶ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಬರುವಾಗ ಗೆದ್ದ ಖುಷಿಗಿಂತ ಈ ನಾಲ್ಕು ವಾರದ ಚಿಂತೆಯೇ ಜಾಸ್ತಿ ಇತ್ತು. ಹನ್ನೊಂದು ಹೊಲಿಗೆ ಯಂತ್ರ ಮಾರಿದೆ. ಉಳಿದದ್ದಕ್ಕೆ ಹೆಂಡತಿ ತನ್ನ ಬಳೆ ತೆಗೆದುಕೊಟ್ಟಳು. ನಾನು ಕೇಳಿರಲಿಲ್ಲ. ಕೊನೆ ದಿನಕ್ಕೆ ಎರಡು ದಿನ ಇರುವಾಗ ಡಿಡಿ ಕಟ್ಟಿದೆ. ಹಾಗಾಗಿ ಅರ್ಜಿ ಹಾಕುವ ಮೊದಲೇ ಸಾಲದ ಕಾಲು ಭಾಗದಷ್ಟು ಎಲ್ಲಿಂದ ಹೊಂದಿಸಬಹುದು ಅಂತ ಮನೆಯವರ ಜೊತೆ ಕೂತು ಮಾತಾಡಿ. ಎಷ್ಟು ಕಟ್ಟಿಸುತ್ತಾರೆ ಅನ್ನುವುದು ಡಿಆರ್‌ಟಿಗೆ ಬಿಟ್ಟದ್ದು. ಆದರೆ ಬರಿಗೈಲಿ ಹೋದರೆ ಸುಮ್ನೆ ಬಸ್ ಖರ್ಚು.

ಹರಾಜಿನ ಪ್ರಕಟಣೆ ಬರುವವರೆಗೆ ಕಾಯಬೇಡಿ. 2016ರ ತಿದ್ದುಪಡಿ ಆದ ಮೇಲೆ, ಆ ಪ್ರಕಟಣೆ ಬಂದಮೇಲೆ ಪೂರ್ತಿ ಬಾಕಿ ಕಟ್ಟುತ್ತೇನೆ ಅಂದರೂ ಆಸ್ತಿ ಬಿಡಿಸಿಕೊಳ್ಳುವ ಹಕ್ಕು ಉಳಿಯುವುದಿಲ್ಲ. 2023ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿಯೇ ಹೇಳಿದೆ. ಬ್ಯಾಂಕ್ ಮೊದಲೇ ಕೇವಿಯಟ್ (ನಮ್ಮನ್ನು ಕೇಳದೆ ಆದೇಶ ಕೊಡಬೇಡಿ ಅನ್ನುವ ಅರ್ಜಿ) ಹಾಕಿದ್ದರೆ ಅವರ ಮಾತೂ ಕೇಳದೆ ಆದೇಶ ಆಗುವುದಿಲ್ಲ, ಅದಕ್ಕೂ ಒಂದಷ್ಟು ದಿನ ಬೇಕು.

ನೋಟಿಸಿನ ಮೇಲಿರುವ ತಾರೀಖು, ಆಕ್ಷೇಪಣೆ ಕೊಟ್ಟಿದ್ದೀರೋ ಇಲ್ಲವೋ, ಇವೆರಡನ್ನು ಇಲ್ಲೇ ಕೆಳಗೆ ಬರೆಯಿರಿ. ನನ್ನ ಅರ್ಜಿಯಲ್ಲಿ ಕಾಗದಗಳನ್ನು ಯಾವ ಕ್ರಮದಲ್ಲಿ ಜೋಡಿಸಿದ್ದರು ಅಂತ ನೋಡಿ ಹೇಳುತ್ತೇನೆ.