ಕಾರಿನ ಮುಂಭಾಗದ ಗ್ಲಾಸ್ ಸೋರಿದರೆ ಸಿಲಿಕಾನ್ ಹಚ್ಚಬೇಡಿ

ಗದಗಿನ ಅಣ್ಣಾವ್ರೇ, ವ್ಯಾಗನ್‌ಆರ್‌ನ ಹೊಸ ಗ್ಲಾಸ್ ಎಡಗಡೆ ಮೇಲಿನ ಮೂಲೆಯಲ್ಲಿ ಸೋರುತ್ತಿದೆ, ಹಾರ್ಡ್‌ವೇರ್ ಅಂಗಡಿಯ ಸಿಲಿಕಾನ್ ಟ್ಯೂಬ್ ತಂದು ಸುತ್ತ ಹಚ್ಚಿದೆ ಅಂತ ಬರೆದಿದ್ದೀರಿ. ಕೆಳಗೆ ಕೆಲವರು ಭೇಷ್ ಅಂದಿದ್ದಾರೆ. ಅವರ ಮಾತು ಕೇಳಬೇಡಿ. ಇವತ್ತೇ ಅದನ್ನು ಕಿತ್ತು ತೆಗೆಯಿರಿ.

ನಮ್ಮ ಮನೆಯ ಹಳೇ ಸ್ಯಾಂಟ್ರೋಗೆ ಇದೇ ಆಗಿತ್ತು. ಬೈಪಾಸ್‌ನಲ್ಲಿ ಟಿಪ್ಪರ್‌ನಿಂದ ಕಡಿ ಸಿಡಿದು ಗ್ಲಾಸ್ ಒಡೆಯಿತು. ಹೊಸದು ಕೂರಿಸಿದವರು ಹಳೇ ಅಂಟನ್ನು ತಗಡು ಹೊಳೆಯುವವರೆಗೆ ಕೆರೆದರು. ಸೋರಿದಾಗ ಮೇಲೊಂದು ಸುತ್ತು ಸಿಲಿಕಾನ್ ಹಚ್ಚಿಕೊಟ್ಟರು. ಒಳಗೆ ಹನಿ ಬೀಳುವುದು ನಿಂತಿತು, ಆದರೆ ಧಾರವಾಡದ ಜಿಟಿಜಿಟಿ ಮಳೆ ಗೊತ್ತಲ್ವಾ, ಸಂದಿಗೆ ಹೊಕ್ಕ ನೀರಿಗೆ ಹೊರಗೆ ಬರುವ ದಾರಿಯೇ ಇರಲಿಲ್ಲ. ಆಮೇಲೆ ಬೀಡಿಂಗ್ ಎತ್ತಿ ನೋಡಿದರೆ ಸ್ಕ್ರೂಡ್ರೈವರ್ ತುದಿ ಫ್ರೇಮಿನೊಳಗೆ ಸೀದಾ ಇಳಿಯಿತು. ತಗಡು ಕತ್ತರಿಸಿ ವೆಲ್ಡ್ ಮಾಡಿಸಬೇಕಾಯಿತು. ಗ್ಲಾಸಿಗಿಂತ ಟಿಂಕರಿಂಗ್ ಖರ್ಚೇ ಜಾಸ್ತಿ ಬಂತು.

ಹುಳಿ ವಾಸನೆ ಬರುವ ಸಿಲಿಕಾನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಬರಿ ತಗಡಿಗೆ ಅದು ತಾಗಿದರೆ ಜಂಗು ಬೇಗ ಹಿಡಿಯುತ್ತದೆ. ವಾಸನೆ ಇಲ್ಲದ ಜಾತಿಯೂ ಬೇಡ. ಸಿಲಿಕಾನ್ ಜಿಡ್ಡು ಉಳಿದ ಕಡೆ ಆಮೇಲೆ ಪೇಂಟೂ ಹಿಡಿಯದು, ಗ್ಲಾಸ್ ಕೂರಿಸುವ ಪಿಯು (ಪಾಲಿಯುರೆಥೇನ್) ಅಂಟೂ ಹಿಡಿಯದು. ಪೆಟ್ರೋಲ್ ಬಟ್ಟೆಯಿಂದ ಒರೆಸಿದರೆ ಇನ್ನಷ್ಟು ಹರಡುತ್ತದೆ. ಬ್ಲೇಡಿನಿಂದ ಕೆರೆದೇ ತೆಗೆಯಬೇಕು.

ಆಮೇಲೆ ಗ್ಲಾಸ್ ಬಿಚ್ಚಿಸಿ ಮತ್ತೆ ಕೂರಿಸಿ, ಬೇರೆ ದಾರಿ ಇಲ್ಲ. ಹಳೇ ಪಿಯು ಗಟ್ಟಿಯಾಗಿ ಹಿಡಿದಿದ್ದರೆ ಅದನ್ನು ಪೂರ್ತಿ ತೆಗೆಯಬಾರದು. ಒಂದೆರಡು ಮಿಲಿಮೀಟರ್ ಉಳಿಸಿ ಸಮ ಕತ್ತರಿಸಿದರೆ ಹೊಸದು ಅದರ ಮೇಲೆ ಚೆನ್ನಾಗಿ ಕೂರುತ್ತದೆ. ಚಾಕು ತಾಗಿ ಗೀರು ಬಿದ್ದ ಕಡೆಯೆಲ್ಲ ಪ್ರೈಮರ್ ಬೇಕೇ ಬೇಕು. ಸಣ್ಣ ಗೀರು ಅಂತ ಬಿಟ್ಟರೆ ಜಂಗು ಅಲ್ಲಿಂದಲೇ ಶುರು. ಜಂಗು ಆಗಲೇ ಹಿಡಿದಿದ್ದರೆ ಬಿಳಿ ತಗಡು ಬರುವವರೆಗೆ ಉಜ್ಜಿ ಎಪಾಕ್ಸಿ ಪ್ರೈಮರ್, ಪೇಂಟ್. ಆ ಪೇಂಟ್ ಪೂರ್ತಿ ಗಟ್ಟಿಯಾಗಲಿ. ಹಸಿ ಪೇಂಟಿನ ಮೇಲೆ ಅಂಟು ಎಳೆದರೆ ಪೇಂಟೇ ಸಿಪ್ಪೆಯಂತೆ ಎದ್ದು ಬರುತ್ತದೆ. ಅಂಟು ಕೂರುವ ಜಾಗದಲ್ಲಿ ಪುಟ್ಟಿ ಮೆತ್ತಲು ಯಾರಿಗೂ ಬಿಡಬೇಡಿ.

ಅಂಟಿನಲ್ಲಿ ನನ್ನ ಓಟು ಸಿಕಾ ಕಂಪನಿಯದಕ್ಕೆ. 3ಎಂ ಕೂಡ ನಡೆಯುತ್ತದೆ. ಯಾವುದೇ ಇರಲಿ, ಟ್ಯೂಬಿನ ಮೇಲಿನ ಎಕ್ಸ್‌ಪೈರಿ ನೀವೇ ಓದಿ. ನಿನ್ನೆ ಒಡೆದ ಅರ್ಧ ಟ್ಯೂಬ್ ಗನ್ನಿಗೆ ಹಾಕುತ್ತಿದ್ದರೆ ಅಲ್ಲೇ ತಡೆಯಿರಿ. ಗ್ಲಾಸಿನ ಕಪ್ಪು ಅಂಚಿಗೆ ಪ್ರೈಮರ್ ಹಚ್ಚಿದ ಮೇಲೆ ಬೆರಳು ತಾಗಿಸಬಾರದು. ಪಿಯು ಗಾಳಿಯ ತೇವದಿಂದಲೇ ಗಟ್ಟಿಯಾಗುತ್ತದೆ, ಹಾಗಾಗಿ ಮಳೆಗಾಲ ಅಡ್ಡಿಯಲ್ಲ. ಅಂಟು ಎಳೆಯುವ ಜಾಗ ಮಾತ್ರ ಒಣಗಿರಬೇಕು. ಎಷ್ಟು ಹೊತ್ತಿಗೆ ಗಾಡಿ ಓಡಿಸಬಹುದು ಅಂತ ಅಂಟಿನ ಕಂಪನಿ ಹೇಳಿರುತ್ತದೆ. ಅದಕ್ಕೆ ಮುಂಚೆ ಹೊರಡಬೇಡಿ. ಅಪಘಾತವಾದರೆ ಎಡಗಡೆ ಏರ್‌ಬ್ಯಾಗ್ ಉಬ್ಬುವಾಗ ಈ ಗ್ಲಾಸಿಗೇ ಒರಗುತ್ತದೆ. ಮೊದಲ ದಿನ ಒಂದು ಕಿಟಕಿ ಸ್ವಲ್ಪ ಇಳಿಸಿಡಿ. ಎಲ್ಲ ಮುಚ್ಚಿ ಬಾಗಿಲು ಧಡ್ ಅಂತ ಹಾಕಿದರೆ ಒಳಗಿನ ಗಾಳಿ ಹಸಿ ಅಂಟನ್ನು ತಳ್ಳುತ್ತದೆ. ಪ್ರೆಷರ್ ವಾಷಿಂಗ್ ಕೆಲವು ದಿನ ಬೇಡ.

ಇದೆಲ್ಲ ಅಂಟಿನ ಗ್ಲಾಸಿಗೆ. ಓಮ್ನಿ, ಅಂಬಾಸಿಡರ್ ತರಹ ರಬ್ಬರ್ ಬೀಡಿಂಗ್ ಇದ್ದರೆ ಲೆಕ್ಕ ಬೇರೆ. ಅಲ್ಲಿ ಒಣಗಿ ಬಿರಿದ ರಬ್ಬರನ್ನೇ ಬದಲಿಸಬೇಕು.

ಬಿಚ್ಚಿಸುವ ಮುಂಚೆ ಸೋರುವ ಜಾಗ ಖಾತ್ರಿ ಮಾಡಿಕೊಳ್ಳಿ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ. ಹೊರಗಿನವರು ಪೈಪಿನ ನೀರು ಮೆಲ್ಲಗೆ ಬಿಡಲಿ, ಕೆಳಗಿಂದ ಶುರು ಮಾಡಿ ಮೇಲಕ್ಕೆ ಹೋಗಲಿ. ವೈಪರ್ ಕೆಳಗಿನ ಜಾಲರಿಯಲ್ಲಿ ಬೇವಿನ ಎಲೆ ತುಂಬಿ ನೀರು ಹೋಗುವ ತೂತು ಕಟ್ಟಿದ್ದರೂ ಕಾಲಡಿ ಒದ್ದೆಯಾಗುತ್ತದೆ. ಮಳೆ ಇಲ್ಲದ ದಿನವೂ ಎಡಗಡೆ ಮ್ಯಾಟ್ ಒದ್ದೆಯಿದ್ದರೆ ಎಸಿ ಡ್ರೇನ್ ಪೈಪ್ ನೋಡಿ.

ಹೊಸ ಗ್ಲಾಸ್ ಬೇಕಾದರೆ ಸೇಂಟ್ ಗೋಬೇನ್ ಅಥವಾ ಎಐಎಸ್ ಕಂಪನಿಯ ಗುರುತು ನೋಡಿ ತಗೊಳ್ಳಿ. ವಿಮೆಯಲ್ಲಿ ಗ್ಲಾಸಿಗೆ ಸವಕಳಿ ಕಡಿತ ಇಲ್ಲ, ಆದರೆ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗಬಹುದು, ಮೊದಲೇ ಲೆಕ್ಕ ಹಾಕಿ. ಹಳೇ ಫಾಸ್ಟ್ಯಾಗ್ ಕಿತ್ತರೆ ಕೆಲಸ ಮಾಡುವುದಿಲ್ಲ, ಬ್ಯಾಂಕಿಗೆ ಹೇಳಿ ಬದಲಿ ತರಿಸಿ.

ಸಿಲಿಕಾನ್ ಕಿತ್ತ ಮೇಲೆ ಆ ಮೂಲೆಯ ಫೋಟೋ ಹಾಕಿ. ಜಂಗು ಎಷ್ಟು ಇಳಿದಿದೆ ಅಂತ ನೋಡಿ ಹೇಳುತ್ತೇನೆ.