ಸಾಸಿವೆ ಘಾಟಿನ ಲೇಖನ: ತಿದ್ದಿ ಕಳಿಸಿ

ನಮಸ್ಕಾರ.

ಎಲೆಯ ಪತ್ರರಂಧ್ರಗಳನ್ನು, ಅಂದರೆ ಗಾಳಿ ಆಡುವ ಸಣ್ಣ ತೂತುಗಳನ್ನು, ಸಾಸಿವೆಯ ಘಾಟು ಹೇಗೆ ಮುಚ್ಚಿಸುತ್ತದೆ ಅನ್ನುವ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ತುಂಬಾ ಒಳ್ಳೆಯದು, ದಯವಿಟ್ಟು ಕೈಬಿಡಬೇಡಿ.

ಮೊದಲ ಪುಟ ಪೂರ್ತಿ ತೆಗೆಯಿರಿ. 'ಹಸಿರು ಸೈನಿಕರು', 'ವಿಷದ ಬಾಣ', 'ಚಾಣಾಕ್ಷ ಎಲೆ' ಅಂತ ಓದುತ್ತಾ ಅರ್ಧ ದಾರಿ ಬಂದರೂ ರಂಧ್ರ ತೆರೆಯುವುದು ಹೇಗೆ ಅಂತಲೇ ಗೊತ್ತಾಗುವುದಿಲ್ಲ. ಅದು ಗೊತ್ತಾಗದೆ ಮುಚ್ಚುವುದು ಹೇಗೆ ಅರ್ಥವಾಗಬೇಕು? ಅಲ್ಲಿಂದಲೇ ಶುರು ಮಾಡಿ. ಪ್ರತಿ ರಂಧ್ರಕ್ಕೂ ಎರಡು ಕಾವಲು ಕೋಶಗಳು. ಅವುಗಳೊಳಗೆ ಪೊಟ್ಯಾಸಿಯಂ ಸೇರಿದರೆ ಹಿಂದೆಯೇ ನೀರು ಬರುತ್ತದೆ, ಕೋಶಗಳು ಉಬ್ಬಿ ಬಾಗುತ್ತವೆ, ನಡುವೆ ಸಂದು ತೆರೆಯುತ್ತದೆ. ಪೊಟ್ಯಾಸಿಯಂ ಹೊರಗೆ ಹೋದರೆ ನೀರೂ ಹೋಗುತ್ತದೆ, ಕೋಶಗಳು ಸೊರಗುತ್ತವೆ, ಸಂದು ಮುಚ್ಚುತ್ತದೆ. ಇಷ್ಟು ಸಾಕು.

ಘಾಟಿನ ಭಾಗಕ್ಕೆ ನೀವು ಕೊಟ್ಟಿರುವುದು ಎರಡೇ ಸಾಲು! ಲೇಖನದ ಜೀವ ಇರುವುದೇ ಅಲ್ಲಿ. ಗಿಡದಲ್ಲಿ ಗ್ಲುಕೋಸಿನೋಲೇಟ್ ಅನ್ನುವ ರಾಸಾಯನಿಕ ಒಂದು ಕಡೆ, ಮೈರೋಸಿನೇಸ್ ಅನ್ನುವ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಹುಳ ಕಚ್ಚಿದಾಗ ಎರಡೂ ಬೆರೆತು ಐಸೋಥಯೋಸೈನೇಟ್ ಹುಟ್ಟುತ್ತದೆ, ಘಾಟು ಅಂದರೆ ಅದೇ. ಸೌತೆಕಾಯಿ ಸಾಸಿವೆ ಮಾಡುವವರಿಗೆ ಇದು ಗೊತ್ತೇ ಇದೆ: ಒಣ ಕಾಳಿಗೆ ಘಾಟಿಲ್ಲ, ನೀರು ಹಾಕಿ ಅರೆದ ಕೂಡಲೇ ಮೂಗಿಗೆ ಹತ್ತುತ್ತದೆ. ಅದೇ ಕಾಳು ಒಗ್ಗರಣೆಯಲ್ಲಿ ಸಿಡಿದರೆ ಘಾಟು ಬರುವುದಿಲ್ಲ, ಯಾಕೆಂದರೆ ಬಿಸಿಗೆ ಕಿಣ್ವ ಕೆಟ್ಟಿರುತ್ತದೆ. ಇದನ್ನು ಬರೆಯಿರಿ.

'ಸಾಸಿವೆ ಗಿಡದಲ್ಲಿ ಸಾಬೀತಾಗಿದೆ' ಅಂದಿದ್ದೀರಿ. ನೀವು ಹೇಳುವ ಪ್ರಯೋಗ ನಡೆದದ್ದು ಅರಬಿಡಾಪ್ಸಿಸ್ ಮೇಲೆ. ಅದು ಸಾಸಿವೆಯ ಕುಟುಂಬದ್ದೇ ಒಂದು ಪುಟ್ಟ ಕಳೆ ಗಿಡ. ಅದರ ಕಾವಲು ಕೋಶಗಳಲ್ಲಿ ಮೈರೋಸಿನೇಸ್ ಸಿಕ್ಕಾಪಟ್ಟೆ ಇದೆ. ಎಲೆಗೆ ಅಲೈಲ್ ಐಸೋಥಯೋಸೈನೇಟ್ ತಾಗಿಸಿದಾಗ ಕಾವಲು ಕೋಶಗಳಲ್ಲಿ ಕ್ಯಾಲ್ಸಿಯಂ ಏರುಪೇರಾಗಿ ರಂಧ್ರ ಮುಚ್ಚಿತು. ಗಿಡದ ಹೆಸರು ಸರಿಯಾಗಿ ಹಾಕಿ.

ಕೊನೆಯ ಸಾಲು 'ರಂಧ್ರ ಮುಚ್ಚಿತು, ಗಿಡ ಗೆದ್ದಿತು' ನನಗೆ ಒಪ್ಪಿಗೆಯಿಲ್ಲ. ಮುಚ್ಚಿದಷ್ಟು ಹೊತ್ತು ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದಿಲ್ಲ, ಅಂದರೆ ಗಿಡದ ಅಡುಗೆಯೂ ನಿಂತ ಹಾಗೆ. ಮೇಲಾಗಿ ಈ ರಂಧ್ರಗಳಿಂದ ಒಳನುಗ್ಗುವ ರೋಗಾಣುಗಳೇನೂ ಸುಮ್ನೆ ಕೂರುವುದಿಲ್ಲ. 2006ರಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಪ್ರಯೋಗ ನೋಡಿ. ಅದರಲ್ಲಿ ಘಾಟಿನ ಮಾತಿಲ್ಲ, ಸ್ಯಾಲಿಸಿಲಿಕ್ ಆಮ್ಲ ಅನ್ನುವ, ಗಿಡದ ರೋಗ ತಡೆಯುವ ಹಾರ್ಮೋನಿನ ದಾರಿ ಇದೆ. ಸ್ಯೂಡೋಮೊನಾಸ್ ಸಿರಿಂಜೆ ಬ್ಯಾಕ್ಟೀರಿಯಾ ತಾಗಿದಾಗ ಅರಬಿಡಾಪ್ಸಿಸ್ ರಂಧ್ರಗಳು ಮೊದಲು ಮುಚ್ಚಿದವು. ಕೆಲವೇ ಗಂಟೆಗಳಲ್ಲಿ ಮತ್ತೆ ತೆರೆದವು. ತೆರೆಸಿದ್ದು ಬ್ಯಾಕ್ಟೀರಿಯಾದ ಕೊರೊನಟೈನ್ ಎಂಬ ವಿಷ. ಗಿಡದ ಜಾಸ್ಮೊನೇಟ್ ಹಾರ್ಮೋನನ್ನೇ ಅದು ಅನುಕರಿಸುತ್ತದೆ. ಎಂಥ ಒಳ್ಳೆ ತಿರುವು, ಇದನ್ನು ಬಿಟ್ಟುಬಿಟ್ಟಿದ್ದೀರಲ್ಲ!

ಬರೆಯುವ ಕೈ ನಿಮ್ಮದು ಚೆನ್ನಾಗಿದೆ, ಅದಕ್ಕೇ ಇಷ್ಟು ಹೇಳಿದೆ. ಎಂಟುನೂರು ಪದಗಳೊಳಗೆ ಮುಗಿಸಿ. ಜೊತೆಗೆ ಕಾವಲು ಕೋಶಗಳ ಎರಡು ಚಿತ್ರ ಬೇಕು, ಒಂದು ತೆರೆದದ್ದು, ಒಂದು ಮುಚ್ಚಿದ್ದು. ಕೈಯಲ್ಲಿ ಬಿಡಿಸಿದ್ದಾದರೂ ಸರಿ.