ತಮ್ಮನ ಸಂಶಯಕ್ಕೆ ವಾದ ಮದ್ದಲ್ಲ

ಹಾಸನ ಜಿಲ್ಲೆಯ ಓದುಗರೊಬ್ಬರು ಹೀಗೆ ಬರೆದಿದ್ದಾರೆ: “ನನ್ನ ತಮ್ಮನಿಗೆ 26 ವರ್ಷ. ಎರಡು ವರ್ಷದ ಹಿಂದೆ ಕಿವಿಯಲ್ಲಿ ಯಾರೋ ಮಾತಾಡಿದಂತೆ ಕೇಳಿಸಲು ಶುರುವಾಯಿತು. ಡಾಕ್ಟರು ಸ್ಕಿಜೋಫ್ರೇನಿಯಾ ಎಂದರು. ಮಾತ್ರೆ ತೆಗೆದುಕೊಂಡ ಮೇಲೆ ಆ ಧ್ವನಿ ಕಡಿಮೆಯಾಗಿದೆ. ಆದರೆ ಪಕ್ಕದ ಮನೆಯವರು ತನ್ನನ್ನೇ ಆಡಿಕೊಳ್ಳುತ್ತಾರೆ ಎಂಬ ಸಂಶಯ ಹೋಗಿಲ್ಲ. ಎಷ್ಟು ಹೇಳಿದರೂ ನಂಬುವುದಿಲ್ಲ, ದಿನಾ ಜಗಳ. ಮಾತ್ರೆ ಇಲ್ಲದೆ ಮನಸ್ಸಿಗೆ ತರಬೇತಿ ಕೊಟ್ಟೇ ಇದನ್ನು ವಾಸಿ ಮಾಡಬಹುದು ಎಂದು ಓದಿದೆ. ನಿಜವೇ? ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದು ಅಪ್ಪ ಹೇಳುತ್ತಿದ್ದಾರೆ.”

ಸಂಪಾದಕರ ಉತ್ತರ:

ಮೊದಲು ಮಾತ್ರೆಯ ವಿಷಯ ಹೇಳಿಬಿಡುತ್ತೇನೆ. ನಿಲ್ಲಿಸಬೇಡಿ. ನೀವು ಓದಿದ ತರಬೇತಿಗಳು ಸುಳ್ಳಲ್ಲ, ಅವುಗಳಿಂದ ಉಪಯೋಗವೂ ಇದೆ. ಆದರೆ ಅವುಗಳ ಹೆಚ್ಚಿನ ಅಧ್ಯಯನಗಳು ನಡೆದಿರುವುದು ಮಾತ್ರೆ ತೆಗೆದುಕೊಳ್ಳುತ್ತಲೇ ಇದ್ದವರ ಮೇಲೆ. ಮಾತ್ರೆಯನ್ನು ದಿಢೀರನೆ ಬಿಟ್ಟರೆ ಕಾಯಿಲೆ ಮರಳುವ ಅಪಾಯ ಜಾಸ್ತಿ. ಮೈ ಊದಿಕೊಳ್ಳುತ್ತಿದೆ, ಸದಾ ಮಂಪರು ಎಂದು ತಮ್ಮ ಹೇಳುತ್ತಿದ್ದರೆ ಅದನ್ನು ಡಾಕ್ಟರಿಗೆ ತಿಳಿಸಿ. ಡೋಸ್ ಅಥವಾ ಔಷಧಿ ಬದಲಾಯಿಸಲು ಅವರಿಗೆ ದಾರಿಗಳಿವೆ.

ಇನ್ನು ನಿಮ್ಮ ಮನೆಯ ಜಗಳ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು “ಎಷ್ಟು ಹೇಳಿದರೂ ನಂಬುವುದಿಲ್ಲ” ಎಂಬ ಮಾತು. ಇದಕ್ಕೆ ಉತ್ತರ ಕೊಡಲು ಒಂದು ಹಳೆಯ ಪ್ರಯೋಗದ ಬಗ್ಗೆ ಹೇಳಬೇಕು.

1988ರಲ್ಲಿ ಲಂಡನ್ನಿನ ಫಿಲಿಪ್ಪಾ ಗ್ಯಾರೆಟಿ ಮತ್ತು ಅವರ ಸಂಗಡಿಗರು ಎರಡು ಜಾಡಿಗಳನ್ನು ಬಳಸಿ ಒಂದು ಪರೀಕ್ಷೆ ಮಾಡಿದರು. ಒಂದು ಜಾಡಿಯಲ್ಲಿ ಒಂದು ಬಣ್ಣದ ಮಣಿ 85, ಇನ್ನೊಂದು ಬಣ್ಣದ್ದು 15. ಎರಡನೇ ಜಾಡಿಯಲ್ಲಿ ಇದು ಉಲ್ಟಾ. ಜಾಡಿಗಳನ್ನು ಮರೆಮಾಡಿ, ಒಂದೇ ಜಾಡಿಯಿಂದ ಒಂದೊಂದೇ ಮಣಿ ತೆಗೆದು ತೋರಿಸುತ್ತಾರೆ. ಯಾವ ಜಾಡಿ ಎಂದು ಖಚಿತವಾದಾಗ ಹೇಳಬೇಕು. ಎಷ್ಟು ಮಣಿ ಬೇಕಾದರೂ ಕೇಳಬಹುದು, ಅವಸರವಿಲ್ಲ. ಆದರೂ ನಿಮ್ಮ ತಮ್ಮನಂಥ ಸಂಶಯ, ನಂಬಿಕೆಗಳಿದ್ದವರು ಉಳಿದವರಿಗಿಂತ ಬೇಗ ತೀರ್ಮಾನಕ್ಕೆ ಬಂದರು. ಆಮೇಲೆ ಬೇರೆ ಬೇರೆ ದೇಶಗಳಲ್ಲೂ ಇದೇ ಕಂಡಿತು. ಅನೇಕರಿಗೆ ಒಂದೆರಡು ಮಣಿಯೇ ಸಾಕಾಗುತ್ತಿತ್ತು.

ಮಣಿಗೂ ಪಕ್ಕದ ಮನೆಯವರಿಗೂ ಏನೂ ಸಂಬಂಧವಿಲ್ಲ. ಆದರೂ ಅದೇ ಆತುರ ಅಲ್ಲೂ ಇದೆ. ಯಾರೋ ನಕ್ಕದ್ದು ಕೇಳಿಸಿತು, ತನ್ನನ್ನೇ ನೋಡಿ ನಕ್ಕರು ಎಂದು ತೀರ್ಮಾನವಾಯಿತು. ಇದು ದಡ್ಡತನ ಅಲ್ಲ. ಭಯದಲ್ಲಿರುವಾಗ ನಾವೆಲ್ಲ ಹೀಗೆ ಮಾಡುತ್ತೇವೆ. ತಮ್ಮನಿಗೆ ಆ ಭಯ ಸದಾ ಇದೆ.

ಜರ್ಮನಿಯ ಹ್ಯಾಂಬರ್ಗಿನಲ್ಲಿ ಸ್ಟೆಫನ್ ಮೋರಿಟ್ಸ್, ಕೆನಡಾದ ಟಾಡ್ ವುಡ್‌ವರ್ಡ್ ಜೊತೆ ಸೇರಿ, ಇಂಥ ಸಂಶೋಧನೆಗಳ ಮೇಲೆ ಒಂದು ತರಬೇತಿ ಕಟ್ಟಿದರು. ಹೆಸರು ಮೆಟಾಕಾಗ್ನಿಟಿವ್ ತರಬೇತಿ. ತನ್ನ ಯೋಚನೆ ಎಲ್ಲಿ ಎಡವುತ್ತದೆ ಎಂದು ತಾನೇ ಗಮನಿಸುವ ಅಭ್ಯಾಸ ಅದು. ಕೆಲವರು ಒಟ್ಟಿಗೆ ಕೂರುತ್ತಾರೆ, ಒಂದು ಸಲಕ್ಕೆ ಮುಕ್ಕಾಲರಿಂದ ಒಂದು ಗಂಟೆ. ಪರದೆಯ ಮೇಲೆ ಒಂದು ಚಿತ್ರ ಗೆರೆ ಗೆರೆಯಾಗಿ ಮೂಡುತ್ತದೆ. ಮೊದಲ ಗೆರೆಗಳಲ್ಲಿ ಏನೋ ಒಂದು ಅನ್ನಿಸಿದ್ದು ಪೂರ್ತಿ ಮೂಡಿದಾಗ ಬೇರೆಯೇ ಆಗಿರುತ್ತದೆ. ಇನ್ನೊಂದು ದಿನ ಸಮುದ್ರತೀರದ ಚಿತ್ರ ತೋರಿಸಿ, ಆಮೇಲೆ ಅದರಲ್ಲಿ ಏನೇನಿತ್ತು ಎಂದು ಕೇಳುತ್ತಾರೆ. ತೀರದಲ್ಲಿ ಸಾಮಾನ್ಯವಾಗಿ ಇರುವ, ಆದರೆ ಆ ಚಿತ್ರದಲ್ಲಿ ಇಲ್ಲದ ವಸ್ತುವನ್ನೂ ಜನ “ಇತ್ತು, ನಾನೇ ನೋಡಿದೆ” ಎಂದು ಹೇಳುತ್ತಾರೆ. ನೆನಪೂ ಮೋಸ ಮಾಡುತ್ತದೆ ಎಂದು ಆಟದಲ್ಲೇ ಗೊತ್ತಾಗುತ್ತದೆ. ಯಾರೂ ಯಾರ ತಪ್ಪನ್ನೂ ಎತ್ತಿ ತೋರಿಸುವುದಿಲ್ಲ.

ನಿಮಗೆ ಮುಖ್ಯವಾದ ವಿಷಯ ಇಲ್ಲಿದೆ. “ಪಕ್ಕದ ಮನೆಯವರು ನಿನ್ನ ಬಗ್ಗೆ ಮಾತಾಡುತ್ತಿಲ್ಲ” ಎಂದು ಆ ತರಬೇತಿಯವರು ಶುರು ಮಾಡುವುದೇ ಇಲ್ಲ. ನಂಬಿಕೆಯನ್ನು ಮುಟ್ಟದೆ, ಅದರ ಹಿಂದಿರುವ ಅವಸರವನ್ನು ನಿಧಾನ ಮಾಡಿಸುತ್ತಾರೆ. ಇನ್ನೊಂದು ಸಾಕ್ಷಿ ಬರಲಿ ಎಂದು ಕಾಯುವುದನ್ನು, ಬೇರೆ ಕಾರಣವೂ ಇರಬಹುದಾ ಎಂದು ಕೇಳಿಕೊಳ್ಳುವುದನ್ನು ಕಲಿಸುತ್ತಾರೆ.

ಫಲ ಎಷ್ಟು? 2022ರಲ್ಲಿ ಜಾಮಾ ಸೈಕಿಯಾಟ್ರಿ ಪತ್ರಿಕೆಯಲ್ಲಿ 40 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಬಂತು. ಸಂಶಯದಂಥ ತಪ್ಪು ನಂಬಿಕೆಗಳ ಮೇಲೆ ಸಾಧಾರಣ ಮಟ್ಟದ ಪರಿಣಾಮ, ಕೇಳಿಸುವ ಧ್ವನಿಗಳ ಮೇಲೆ ಅದಕ್ಕಿಂತ ಕಡಿಮೆ. ಪವಾಡ ಅಲ್ಲ. ಆದರೆ ಮಾತ್ರೆ ಕೊಟ್ಟ ಮೇಲೂ ಉಳಿದುಕೊಂಡ ಸಂಶಯಕ್ಕೆ ಇಷ್ಟು ಸಿಕ್ಕರೂ ಸಣ್ಣದಲ್ಲ ಎಂದು ನನಗೆ ಅನ್ನಿಸುತ್ತದೆ.

ಮನೆಯಲ್ಲಿ ನೀವು ಇದನ್ನು ಹೇಗೆ ಬಳಸಬಹುದು? ತಮ್ಮ “ಅವರು ನನ್ನನ್ನೇ ನೋಡಿ ನಗ್ತಿದ್ದಾರೆ” ಅಂದಾಗ “ಹಾಗೇನಿಲ್ಲ, ಸುಮ್ನೆ ಇರು” ಅನ್ನಬೇಡಿ. “ಹೌದು” ಎಂದೂ ಒಪ್ಪಬೇಡಿ. “ಹಾಗೆ ಅನ್ನಿಸಿದಾಗ ತುಂಬ ಸಂಕಟ ಆಗುತ್ತೆ ಅಲ್ವಾ?” ಎಂದು ಮೊದಲು ಕೇಳಿ. ಅವನು ಸಮಾಧಾನದಲ್ಲಿದ್ದಾಗ ಮಾತ್ರ, “ನೂರಕ್ಕೆ ಎಷ್ಟು ಗ್ಯಾರಂಟಿ ನಿಂಗೆ?” ಎಂದು ವಿಚಾರಿಸಿ. ಇವತ್ತು ನೂರು ಅಂದವನು ಮುಂದಿನ ತಿಂಗಳು ತೊಂಬತ್ತು ಅಂದರೆ ಅದೇ ದೊಡ್ಡ ಬದಲಾವಣೆ. ಉಳಿದ ಹತ್ತರಲ್ಲಿ ಏನಿರಬಹುದು ಎಂದು ಅವನೇ ಹೇಳಲಿ. ಪೊಲೀಸರ ಹಾಗೆ ಪ್ರಶ್ನೆ ಮಾಡಬೇಡಿ. ಸಿಟ್ಟಿನಲ್ಲಿದ್ದರೆ ಆ ಮಾತನ್ನೇ ಬಿಟ್ಟು ಊಟಕ್ಕೆ ಕರೆಯಿರಿ.

ದಿನಾ ಜಗಳ ಆಗಬಾರದು ಎಂದು ನಾನು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. ಸದಾ ಬೈಗುಳ, ಟೀಕೆ ಇರುವ ಮನೆಯಲ್ಲಿ ಕಾಯಿಲೆ ಮತ್ತೆ ಕೆರಳುವುದು ಹೆಚ್ಚು ಎಂದು ಲಂಡನ್ನಿನ ಜಾರ್ಜ್ ಬ್ರೌನ್ ಅವರಿಂದ ಶುರುವಾದ ಸಂಶೋಧನೆ ತೋರಿಸಿತು. ಅದನ್ನು ಮುಂದುವರಿಸಿದವರಲ್ಲಿ ಜೂಲಿಯನ್ ಲೆಫ್ ಒಬ್ಬರು. ಮನೆಯವರಿಗೂ ತರಬೇತಿ ಬೇಕು ಎಂಬ ಮಾತು ಗಟ್ಟಿಯಾದದ್ದು ಅಲ್ಲಿಂದ. ದಯವಿಟ್ಟು ಇದನ್ನು “ನಿಮ್ಮಿಂದಲೇ ಕಾಯಿಲೆ ಬಂತು” ಎಂದು ಓದಬೇಡಿ. ಕಾಯಿಲೆ ನಿಮ್ಮಿಂದ ಬಂದದ್ದಲ್ಲ.

ಇದೇ ಲೆಫ್ ಮುಂದೆ ಧ್ವನಿಗಳಿಗಾಗಿ ಅವತಾರ್ ಥೆರಪಿ ರೂಪಿಸಿದರು. ಕಾಡುವ ಧ್ವನಿಗೆ ಕಂಪ್ಯೂಟರಿನಲ್ಲಿ ಒಂದು ಮುಖ ಕೊಡುತ್ತಾರೆ. ಚಿಕಿತ್ಸಕರೇ ಅದರ ಮೂಲಕ ಮಾತಾಡುತ್ತಾರೆ. ರೋಗಿ ಅದಕ್ಕೆ ಎದುರುತ್ತರ ಕೊಡಲು ಕಲಿಯುತ್ತಾನೆ, ಆ ಮುಖ ಬರಬರುತ್ತಾ ಮೆತ್ತಗಾಗುತ್ತದೆ. 150 ಜನರ ಮೇಲೆ ನಡೆದ ಲಂಡನ್ ಪ್ರಯೋಗದಲ್ಲಿ 12 ವಾರಕ್ಕೆ ಇದು ಸಾಮಾನ್ಯ ಕೌನ್ಸೆಲಿಂಗ್‌ಗಿಂತ ಮುಂದಿತ್ತು. 24 ವಾರಕ್ಕೆ ವ್ಯತ್ಯಾಸ ಉಳಿಯಲಿಲ್ಲ. ನಿಮ್ಮ ತಮ್ಮನಿಗೆ ಧ್ವನಿ ಕಡಿಮೆಯಾಗಿದೆ, ಹಾಗಾಗಿ ಇದರ ಹಿಂದೆ ಬೀಳಬೇಕಿಲ್ಲ. ಆದರೆ ಧ್ವನಿ ಅವನಿಗೆ ಸಾಯಲು ಅಥವಾ ಯಾರಿಗಾದರೂ ಹೊಡೆಯಲು ಹೇಳುತ್ತಿದೆ ಎಂದು ಗೊತ್ತಾದರೆ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಅವನಿಗೆ ಗಮನ ನಿಲ್ಲುವುದಿಲ್ಲ, ಹೇಳಿದ್ದು ಮರೆಯುತ್ತಾನೆ ಎಂದಾದರೆ ಅದಕ್ಕೆ ಬೇರೆ ತರಬೇತಿ. ಮನೆಯಲ್ಲೇ ಮಾಡುವಂಥ ಎರಡು ತಿಂಗಳ ಅಭ್ಯಾಸವನ್ನು ನಮ್ಮ ನಿಮ್ಹಾನ್ಸ್‌ನವರು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ್ದಾರೆ. ಕಲೆಸಿದ ಕಾಳುಗಳನ್ನು ಬೇರೆ ಬೇರೆ ಮಾಡುವಂಥ ಕೆಲಸಗಳೂ ನಿಮ್ಹಾನ್ಸ್‌ನ ಇಂಥ ತರಬೇತಿಗಳಲ್ಲಿವೆ. ದುಬಾರಿ ಮೊಬೈಲ್ ಆ್ಯಪ್‌ಗಳಿಗೆ ದುಡ್ಡು ಸುರಿಯಬೇಡಿ.

ಮುಂದಿನ ಸಲ ಹೋದಾಗ ಡಾಕ್ಟರನ್ನು ಎರಡು ಪ್ರಶ್ನೆ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಕಳಿಸಬಹುದೇ? ಎರಡು ಬಗೆಯ ಮಾತ್ರೆ ಸರಿಯಾದ ಡೋಸಿನಲ್ಲಿ ಸಾಕಷ್ಟು ದಿನ ಕೊಟ್ಟಾಗಿದ್ದರೆ, ಕ್ಲೋಜಪೈನ್ ಎಂಬ ಔಷಧಿಯನ್ನು ಯೋಚಿಸಬಹುದೇ? ಅದಕ್ಕೆ ಆಗಾಗ ರಕ್ತ ಪರೀಕ್ಷೆ ಬೇಕು, ಆದರೆ ಬೇರೆ ಮಾತ್ರೆ ಕೆಲಸ ಮಾಡದವರಲ್ಲೂ ಅನೇಕರಿಗೆ ಅದು ಕೆಲಸ ಮಾಡುತ್ತದೆ. ಸೈಕಾಲಜಿಸ್ಟ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ನೋಡಿಕೊಳ್ಳಿ. ರಾತ್ರಿ ಹೊತ್ತಿನಲ್ಲಿ ದಿಕ್ಕು ತೋಚದಾದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಕೊನೆಗೆ ಅಪ್ಪನ ಮಾತು. ಅವರ ಆತಂಕ ಅರ್ಥವಾಗುತ್ತದೆ. ಆದರೆ ಮದುವೆ ಚಿಕಿತ್ಸೆಯಲ್ಲ. ಹೊಸ ಮನುಷ್ಯರು, ಹೊಸ ಜವಾಬ್ದಾರಿ, ನಿದ್ದೆಗೆಡುವ ದಿನಗಳು, ಇವೆಲ್ಲ ಈಗಿನ ಸ್ಥಿತಿಯಲ್ಲಿ ಅವನಿಗೆ ಭಾರ. ಈ ಕಾಯಿಲೆ ಇರುವವರು ಮದುವೆಯಾಗಿ ಚೆನ್ನಾಗಿ ಬಾಳುತ್ತಾರೆ, ತಮ್ಮನೂ ಬಾಳಬಹುದು. ಅವನು ಸುಧಾರಿಸಿ, ತನಗೆ ಬೇಕು ಎಂದು ತಾನೇ ಹೇಳಿದ ಮೇಲೆ ಆ ಮಾತು ಎತ್ತಿ. ಆಗಲೂ ಹುಡುಗಿಗೆ ಕಾಯಿಲೆಯ ಹೆಸರು, ಮಾತ್ರೆಯ ಹೆಸರು ಎರಡನ್ನೂ ಮುಂಚೆಯೇ ತಿಳಿಸಬೇಕು. ಮುಚ್ಚಿಟ್ಟರೆ ಮದುವೆಯ ನಂತರ ಅವನು ಮಾತ್ರೆಯನ್ನೂ ಕದ್ದು ನುಂಗಬೇಕಾಗುತ್ತದೆ, ಅಥವಾ ಬಿಡಬೇಕಾಗುತ್ತದೆ. ಅಪ್ಪನಿಗೆ ನೀವು ಹೇಳಿದರೆ ಒಪ್ಪದಿದ್ದರೆ, ಮುಂದಿನ ಸಲ ಡಾಕ್ಟರ ಬಳಿಗೆ ಅವರನ್ನೂ ಕರೆದುಕೊಂಡು ಹೋಗಿ.